ಹಳೆಯ ಹಾಕಿ ಆಟಗಾರರನ್ನು ಮಾತನಾಡಿಸುವವರಿಗೂ, ಮಾತನಾಡಬೇಕಾದ ಆಟಗಾರರಿಗೂ: ಮಾಡಬೇಕಾದ್ದು, ಮಾಡಬಾರದ್ದು

ಕೊಡಗಿನಲ್ಲಿ ಭಾರತದ ಪರ ಹಾಕಿ ಆಡಿದವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗೋಣಿಕೊಪ್ಪಲಿನ ಸಂತೆಯಲ್ಲಿ, ವಿರಾಜಪೇಟೆಯ ಬ್ಯಾಂಕಿನ ಸರದಿಯಲ್ಲಿ, ಸೋಮವಾರಪೇಟೆಯ ಬಸ್ ನಿಲ್ದಾಣದಲ್ಲಿ, ಕೊಡವ ಸಮಾಜದ ಮದುವೆ ಊಟದಲ್ಲಿ ಎದುರಾಗುತ್ತಾರೆ. ಪಕ್ಕದಲ್ಲಿದ್ದವರು ‘ಇವರೇ ನೋಡು, ಇಂಡಿಯಾಕ್ಕೆ ಆಡಿದವರು’ ಎಂದು ಕಿವಿಯಲ್ಲಿ ಹೇಳುತ್ತಾರೆ. ಮರುಗಳಿಗೆಗೆ ಪ್ರಶ್ನೆಗಳು ಶುರುವಾಗುತ್ತವೆ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬವಾದ ‘ಹಾಕಿ ನಮ್ಮೆ’ ಬಂತೆಂದರೆ ಈ ಪ್ರಶ್ನೆಗಳಿಗೆ ಮಿತಿಯೇ ಇರುವುದಿಲ್ಲ. ಈ ಸೂಚನೆ ಆ ಹೊತ್ತಿಗಾಗಿ.

ಆಟ ಬಿಟ್ಟು ಎಷ್ಟೋ ವರ್ಷವಾದವರು ಹಳೆಯ ಹೆಸರಿನ ಬಗ್ಗೆ, ಹಳೆಯ ಗೆಲುವಿನ ಬಗ್ಗೆ ಅಭಿಮಾನಿಗಳು ಕೇಳುವ ಪ್ರಶ್ನೆಗಳನ್ನು ಸ್ವಾಗತಿಸಬೇಕೆ? ಸ್ವಾಗತಿಸಲೇಬೇಕು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಕಾರಣ ಸರಳವಾಗಿದೆ. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದಾಗ ಈ ನಾಡು ಆ ಆಟವನ್ನು ನೋಡಲಿಲ್ಲ, ರೇಡಿಯೊದಲ್ಲಿ ಕೇಳಿತು. ಬೆಂಗಳೂರಿಗೇ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಆ ಕಾಲದ ಆಟದ ಒಳಗಿನ ವಿಷಯ ಆಡಿದವರ ನೆನಪಿನಲ್ಲಿ ಮಾತ್ರ ಇದೆ. ಚೆಂಡು ಯಾವ ಕೋನದಲ್ಲಿ ಬಂತು, ಯಾರು ಯಾರಿಗೆ ಕೂಗಿ ಹೇಳಿದರು, ನೆಲ ಎಷ್ಟು ಒದ್ದೆಯಾಗಿತ್ತು ಎಂಬುದು ಅಂಕಪಟ್ಟಿಯಲ್ಲಿ ಸಿಗುವುದಿಲ್ಲ. ಅವರು ಬಾಯಿ ಮುಚ್ಚಿದರೆ ಅದು ಅವರೊಂದಿಗೇ ಹೋಗುತ್ತದೆ.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ, ಆದರೆ ತಿಮ್ಮಯ್ಯನವರನ್ನು ಏನನ್ನೂ ಕೇಳಲಾಗದು. ಅವರು 1965ರಲ್ಲೇ ತೀರಿಕೊಂಡರು. ಹಾಕಿ ಆಡಿದ ನಮ್ಮ ಹಿರಿಯರಲ್ಲಿ ಅನೇಕರನ್ನು ಇನ್ನೂ ಕೇಳಬಹುದು. ಈ ಅವಕಾಶವನ್ನು ಕೇಳುವವರು ಒರಟುತನದಿಂದ ಕೆಡಿಸಬಾರದು, ಹೇಳುವವರು ಸಂಕೋಚದಿಂದ ಕಳೆಯಬಾರದು.

ಕೇಳುವವರು ಮಾಡಬೇಕಾದ್ದು

ತಿಳಿದುಕೊಂಡು ಹೋಗಿ. ಎದುರಿಗಿರುವವರು ಯಾವ ವರ್ಷ, ಯಾವ ಊರಿನಲ್ಲಿ, ಯಾವ ಪಂದ್ಯಾವಳಿ ಆಡಿದರು ಎಂಬಷ್ಟಾದರೂ ಗೊತ್ತಿರಬೇಕು. ಎಂ.ಪಿ. ಗಣೇಶ್ 1971ರಲ್ಲಿ ಬಾರ್ಸಿಲೋನಾದ ಮೊದಲ ವಿಶ್ವಕಪ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಕಂಚು. 1973ರ ವಿಶ್ವಕಪ್‌ನಲ್ಲಿ ನಾಯಕರಾಗಿ ಬೆಳ್ಳಿ. ಎ.ಬಿ. ಸುಬ್ಬಯ್ಯ ಗೋಲ್‌ಕೀಪರ್, ಅವರು ಆಡಿದ ಬಾರ್ಸಿಲೋನಾ 1992ರ ಒಲಿಂಪಿಕ್ಸ್, ಆಮೇಲೆ 1996ರ ಅಟ್ಲಾಂಟಾ. ಒಂದು ಬಾರ್ಸಿಲೋನಾವನ್ನು ಇನ್ನೊಂದಕ್ಕೆ ಗಂಟು ಹಾಕಿ ಮಾತು ಶುರು ಮಾಡಿದರೆ ಎದುರಿನವರ ಉತ್ಸಾಹ ಅಲ್ಲಿಗೇ ಬಿದ್ದುಹೋಗುತ್ತದೆ. ಎಂ.ಎಂ. ಸೋಮಯ್ಯ ಮೂರು ಒಲಿಂಪಿಕ್ಸ್ ಆಡಿದವರು: 1980 ಮಾಸ್ಕೊ, 1984 ಲಾಸ್ ಏಂಜಲಿಸ್, 1988 ಸಿಯೋಲ್. ಕೊನೆಯದರಲ್ಲಿ ನಾಯಕ. ಅರ್ಜುನ್ ಹಾಲಪ್ಪ 2004ರ ಅಥೆನ್ಸ್. ಎಸ್.ವಿ. ಸುನಿಲ್, ವಿ.ಆರ್. ರಘುನಾಥ್ ಇಬ್ಬರೂ 2012ರ ಲಂಡನ್, 2016ರ ರಿಯೊ. ಇಷ್ಟನ್ನು ತಿಳಿದುಕೊಳ್ಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೊಡಲಾರದವರು ಹಿರಿಯರ ಒಂದು ಸಂಜೆಯನ್ನು ಕೇಳಬಾರದು.

ಹೆಸರಿನ ಬಗ್ಗೆ ಕೇಳುವುದಕ್ಕಿಂತ ಆಟದ ಬಗ್ಗೆ ಕೇಳಿ. ‘ಆಗ ಜನ ನಿಮ್ಮನ್ನು ಹೇಗೆ ಮುತ್ತಿಕೊಳ್ಳುತ್ತಿದ್ದರು?’ ಎಂದರೆ ಎರಡು ಮಾತಿನ ಉತ್ತರ ಬರುತ್ತದೆ, ಜೊತೆಗೊಂದು ಮುಜುಗರದ ನಗು. ‘ಹುಲ್ಲಿನ ಮೇಲೆ ಚೆಂಡು ಪುಟಿದೇಳುವುದನ್ನು ಹೇಗೆ ಅಂದಾಜು ಮಾಡುತ್ತಿದ್ದಿರಿ?’ ಎಂದು ಕೇಳಿ ನೋಡಿ, ಕೂತವರು ಎದ್ದು ನಿಂತು ಬಾಗಿಲ ಹಿಂದಿನ ಸ್ಟಿಕ್ ಕೈಗೆ ತೆಗೆದುಕೊಳ್ಳುತ್ತಾರೆ. ಕೃತಕ ಹುಲ್ಲಿನ ಮೇಲೆ ಒಲಿಂಪಿಕ್ ಹಾಕಿ ಮೊದಲು ನಡೆದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ನಮ್ಮ ಸೋಮವಾರಪೇಟೆಯ ಬಿ.ಪಿ. ಗೋವಿಂದ 1972, 1975, 1976 ಮೂರರಲ್ಲೂ ಆಡಿದವರು. ಹುಲ್ಲಿನ ಆಟವೂ ಗೊತ್ತು, ಮೊದಲ ಕೃತಕ ಅಂಗಣವೂ ಗೊತ್ತು. ಇಂಥವರ ಮುಂದೆ ಕೂತು ಆಟೋಗ್ರಾಫ್ ಪುಸ್ತಕ ಚಾಚುವುದೇ? ಕಾಲಿನಡಿಯ ನೆಲ ಬದಲಾದಾಗ ಮಣಿಕಟ್ಟಿನ ಕೆಲಸ ಹೇಗೆ ಬದಲಾಯಿತು ಎಂದು ಕೇಳಬೇಕು. ಪೆನಾಲ್ಟಿ ಕಾರ್ನರ್‌ನಲ್ಲಿ ಕೈಯಿಂದ ಚೆಂಡು ನಿಲ್ಲಿಸುತ್ತಿದ್ದ ಕಾಲವನ್ನು ಕೇಳಬೇಕು. ಆಫ್‌ಸೈಡ್ ನಿಯಮ ಇದ್ದಾಗ ಮುಂಪಡೆಯವರು ಎಲ್ಲಿ ಕಾದು ನಿಲ್ಲುತ್ತಿದ್ದರು, ತೊಂಬತ್ತರ ದಶಕದಲ್ಲಿ ಅದು ಹೋದ ಮೇಲೆ ಏನಾಯಿತು ಎಂದು ಕೇಳಬೇಕು. ಗೋಲ್‌ಕೀಪರ್ ಆಗಿದ್ದವರಲ್ಲಿ ಕಾಲಿಗೆ ಕಟ್ಟುತ್ತಿದ್ದ ಹಳೆಯ ಪ್ಯಾಡ್ ನೆನೆದರೆ ಎಷ್ಟು ಭಾರವಾಗುತ್ತಿತ್ತು ಎಂದು ಕೇಳಬೇಕು. ಇಂಥ ಪ್ರಶ್ನೆಗೆ ಬೇಸರಪಟ್ಟ ಆಟಗಾರರನ್ನು ನಾನು ಕಂಡಿಲ್ಲ.

ಹೆಸರಾಗದವರನ್ನೂ ಕೇಳಿ. 1975ರ ತಂಡ ಎಂದೊಡನೆ ಗೋಲು ಹೊಡೆದ ಸುರ್ಜಿತ್ ಸಿಂಗ್, ಅಶೋಕ್ ಕುಮಾರ್, ನಾಯಕ ಅಜಿತ್‌ಪಾಲ್ ಸಿಂಗ್ ನೆನಪಾಗುತ್ತಾರೆ. ಕೊಡಗಿನವರಾದರೆ ಗೋವಿಂದರ ಹೆಸರು ಸೇರಿಸುತ್ತಾರೆ. ಅದೇ ತಂಡದಲ್ಲಿ ಕೊಡಗಿನ ಇನ್ನೊಬ್ಬರಿದ್ದರು, ಪಿ.ಇ. ಕಾಳಯ್ಯ. ಆ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ತಂಡ ಎಂದರೆ ಬೆಂಚಿನ ಮೇಲೆ ಕೂತವರೂ ಸೇರಿ ತಂಡ. ಹೊರಗೆ ಕೂತವರು ಆಟವನ್ನು ಇಡಿಯಾಗಿ ನೋಡಿರುತ್ತಾರೆ, ಒಳಗಿದ್ದವರಿಗೆ ಕಾಣದ್ದು ಅವರಿಗೆ ಕಂಡಿರುತ್ತದೆ. ರಾಜ್ಯಕ್ಕೆ, ಸರ್ವಿಸಸ್‌ಗೆ, ರೈಲ್ವೆಗೆ ಆಡಿ ಭಾರತ ತಂಡದ ಹೊಸ್ತಿಲಲ್ಲಿ ನಿಂತು ಹಿಂತಿರುಗಿದವರೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರ ಬಾಗಿಲನ್ನು ಮೊದಲು ತಟ್ಟಿ.

ಹೊತ್ತು ನೋಡಿ ಹೋಗಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಬೆಳಿಗ್ಗೆ ಆಳು ಲೆಕ್ಕ, ಸಂಜೆ ತೂಕ, ನಡುವೆ ಕಣದಲ್ಲಿ ಒಣಗುವ ಹಣ್ಣಿನ ಚಿಂತೆ. ಆಮೇಲೆ ಹೂಮಳೆ ಬರುತ್ತದೋ ಇಲ್ಲವೋ ಎಂಬ ಕಾತರ. ಆಗ ಅವರು ಒಲಿಂಪಿಯನ್ ಅಲ್ಲ, ಬೆಳೆಗಾರರು. ಆ ದಿನಗಳಲ್ಲಿ ಬಿಡುವು ಕೇಳಬೇಡಿ. ಮಳೆಗಾಲದ ಸಂಜೆ ಒಳ್ಳೆಯದು. ಹೊರಗೆ ಕೆಲಸವಿಲ್ಲ, ಒಳಗೆ ಒಲೆ ಉರಿಯುತ್ತಿರುತ್ತದೆ, ಮಾತಿಗೆ ಅವಸರವಿಲ್ಲ. ಫೋನ್ ಮಾಡಿ, ದಿನ ಕೇಳಿಕೊಂಡು, ಹೇಳಿದ ಗಂಟೆಗೆ ಹೋಗಿ. ಕೊಟ್ಟ ಕಾಫಿ ಕುಡಿಯಿರಿ. ಕೊಡವ ತಕ್ಕ್ ಬರುವವರು ಅದರಲ್ಲೇ ಮಾತನಾಡಿ, ಅರೆಭಾಷೆಯ ಮನೆಯಾದರೆ ಅರೆಭಾಷೆಯಲ್ಲಿ, ಎರಡೂ ಬಾರದಿದ್ದರೆ ಕನ್ನಡದಲ್ಲಿ. ವಯಸ್ಸಿಗೆ ತಕ್ಕಂತೆ ಅಣ್ಣ, ಮಾವ ಎನ್ನಿ. ಟೀವಿಯವರಂತೆ ‘ಲೆಜೆಂಡ್’ ಎಂದು ಕರೆಯುವುದು ಬೇಡ, ಯಾವ ಹಿರಿಯರಿಗೂ ಅದು ಹಿಡಿಸುವುದಿಲ್ಲ.

ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯದ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ದೊಡ್ಡವರು ಕೇಳುವುದು ಹಳೆಯ ಸುದ್ದಿ. ಮಕ್ಕಳು ಕೇಳುವುದು ನಾಳೆ ಬೆಳಿಗ್ಗೆ ಅಂಗಣದಲ್ಲಿ ಬೇಕಾಗುವ ವಿದ್ಯೆ. ಹಳೆಯ ಆಟಗಾರರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಕೇಳುವವರು ಮಾಡಬಾರದ್ದು

ತಪ್ಪಿಹೋದ ಒಂದು ಹೊಡೆತದಿಂದ ಮಾತು ಶುರು ಮಾಡಕೂಡದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ನೋವು ಕೊಡುವ ತಪ್ಪು ಇದೇ.

1973ರ ವಿಶ್ವಕಪ್ ಫೈನಲ್, ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೇನ್. ಗಣೇಶ್ ನಾಯಕತ್ವದ ಭಾರತ ಆರಂಭದಲ್ಲೇ ಸುರ್ಜಿತ್ ಸಿಂಗ್‌ರ ಎರಡು ಗೋಲುಗಳಿಂದ ಮುಂದಿತ್ತು. ಆತಿಥೇಯರು ಎರಡನ್ನೂ ತೀರಿಸಿದರು. ಹೆಚ್ಚುವರಿ ಆಟದಲ್ಲಿ ಮೊದಲು ಗೋಲು ಹೊಡೆದವರು ಗೆದ್ದಂತೆ ಎನ್ನುವ ಘಟ್ಟದಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯಲು ಹೋದವರು ಗೋವಿಂದ. ಚೆಂಡು ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳ ಸರದಿಯಲ್ಲಿ ನೆದರ್ಲೆಂಡ್ಸ್ ಕಪ್ ಎತ್ತಿತು. ಚಿನ್ನಕ್ಕೂ ಬೆಳ್ಳಿಗೂ ನಡುವೆ ಒಂದು ಹೊಡೆತದ ಅಂತರ.

ಆ ಪಂದ್ಯವನ್ನು ಕಣ್ಣಾರೆ ಕಾಣದವರೇ ‘ಅದು ಹೇಗೆ ತಪ್ಪಿತು?’ ಎಂದು ಕೇಳುವುದು ಹೆಚ್ಚು. ಅರ್ಧ ಶತಮಾನದಿಂದ ಒಬ್ಬ ಮನುಷ್ಯನಿಗೆ ಒಂದೇ ಕ್ಷಣವನ್ನು ಎತ್ತಿ ತೋರಿಸುವುದು ಕುತೂಹಲವಲ್ಲ, ಕ್ರೌರ್ಯ. ಆ ಪಂದ್ಯದ ಬಗ್ಗೆ ಕೇಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಮೊದಲು ಉಳಿದದ್ದನ್ನೆಲ್ಲ ಕೇಳಿ: ಎರಡು ಗೋಲಿನ ಮುನ್ನಡೆ ಹೇಗೆ ಬಂತು, ಡಚ್ಚರು ಹೇಗೆ ಹಿಂತಿರುಗಿದರು, ಅಂಗಣ ಹೇಗಿತ್ತು. ಆರೂವರೆ ಮೀಟರಿಗೂ ಕಡಿಮೆ ದೂರದಿಂದ, ಹನ್ನೆರಡು ಅಡಿ ಅಗಲದ ಗೋಲಿಗೆ, ಒಬ್ಬನೇ ಗೋಲ್‌ಕೀಪರ್ ಎದುರು ನಿಂತಾಗ ಮನಸ್ಸಿನಲ್ಲಿ ಏನಿರುತ್ತದೆ ಎಂದು ಸ್ಟ್ರೋಕ್ ಹೊಡೆದ ಯಾರನ್ನಾದರೂ ಕೇಳಬಹುದು. ಅವರಾಗಿ ಆ ದಿನದ ಮಾತು ಎತ್ತಿದರೆ ಸುಮ್ಮನೆ ಕೇಳಿಸಿಕೊಳ್ಳಿ. ನಡುವೆ ಸಮಾಧಾನ ಹೇಳಲು ಹೋಗಬೇಡಿ. 1973ನ್ನು ಎತ್ತಿದವರು 1975ಕ್ಕೆ ಬಾರದೆ ಏಳಕೂಡದು. ಎರಡು ವರ್ಷದ ಮೇಲೆ ವಿಶ್ವಕಪ್ ಗೆದ್ದ ತಂಡದಲ್ಲಿ ಅದೇ ಗೋವಿಂದ ಇದ್ದರು, ಅದೇ ವರ್ಷ ಅರ್ಜುನ ಪ್ರಶಸ್ತಿಯೂ ಬಂತು. 1973ರ ನಾಯಕ ಗಣೇಶ್ 1975ರ ತಂಡದಲ್ಲಿ ಇರಲಿಲ್ಲ. ಒಬ್ಬರಿಗೆ ಮರುಅವಕಾಶ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ಆಟದ ಬದುಕು ಹೀಗೆಯೇ ನಡೆಯುತ್ತದೆ ಎಂಬ ಅರಿವು ಇಟ್ಟುಕೊಂಡು ಮಾತನಾಡಿಸಿ.

ಗೆಲುವನ್ನು ಕಿರಿದು ಮಾಡುವ ಪ್ರಶ್ನೆ ಬೇಡ. ‘ಮಾಸ್ಕೊಗೆ ದೊಡ್ಡ ತಂಡಗಳೇ ಬಂದಿರಲಿಲ್ಲವಲ್ಲ?’ ಎಂಬುದು ಅಂಥದ್ದು. ಬಹಿಷ್ಕಾರದಿಂದಾಗಿ 1980ರಲ್ಲಿ ಆರೇ ತಂಡಗಳು ಆಡಿದ್ದು ನಿಜ. ಆದರೆ ಫೈನಲ್‌ನಲ್ಲಿ 3-0 ಮುಂದಿದ್ದ ಭಾರತಕ್ಕೆ ಸ್ಪೇನ್ ಬೆವರಿಳಿಸಿತು, ಹುವಾನ್ ಅಮಟ್ ಒಬ್ಬರೇ ಮೂರು ಗೋಲು ಹೊಡೆದರು, ಕೊನೆಗೆ 4-3ರಲ್ಲಿ ಚಿನ್ನ ಉಳಿಯಿತು. ಬಾರದವರ ಲೆಕ್ಕವನ್ನು ಬಂದು ಆಡಿದವರ ಮೇಲೆ ಹಾಕುವುದು ಅನ್ಯಾಯ. ಹಾಗೆಯೇ ಲಂಡನ್‌ನಲ್ಲಿ ಭಾರತ ಕೊನೆಯ ಸ್ಥಾನಕ್ಕೆ ಹೋದದ್ದನ್ನು ಸುನಿಲ್ ಅಥವಾ ರಘುನಾಥ್ ಒಬ್ಬರೇ ಹೊತ್ತುಕೊಂಡವರಂತೆ ಪ್ರಶ್ನಿಸಬೇಡಿ. ಹದಿನಾರು ಜನರ ತಂಡ, ಒಬ್ಬ ತರಬೇತುದಾರ, ಒಂದು ಆಡಳಿತ, ಎಲ್ಲ ಸೇರಿ ಸೋತದ್ದು ಅದು.

ಮ್ಯೂನಿಕ್ ಒಲಿಂಪಿಕ್ಸ್‌ಗೆ ಹೋದವರ ಮುಂದೆ ಇನ್ನೂ ಎಚ್ಚರ ಬೇಕು. 1972ರ ಸೆಪ್ಟೆಂಬರ್ 5ರಂದು ಇಸ್ರೇಲಿ ಕ್ರೀಡಾಪಟುಗಳ ಮೇಲೆ ದಾಳಿ ನಡೆದದ್ದು ಆ ಕ್ರೀಡಾಗ್ರಾಮದಲ್ಲೇ. ಅದನ್ನು ಥ್ರಿಲ್ಲರ್ ಸಿನಿಮಾದ ದೃಶ್ಯದಂತೆ ಕೇಳುವ ಹುಡುಗರಿದ್ದಾರೆ. ಆ ದಾಳಿಯಲ್ಲಿ ಇಸ್ರೇಲ್ ತಂಡದ ಹನ್ನೊಂದು ಮಂದಿ ಸತ್ತರು. ದನಿ ತಗ್ಗಿಸಿ ಕೇಳಿ, ಇಲ್ಲವೇ ಬಿಡಿ.

ಹಣದ ಪ್ರಶ್ನೆ ಕೂಡದು. ಎಷ್ಟು ಸಿಕ್ಕಿತು, ಸರ್ಕಾರ ಸೈಟು ಕೊಟ್ಟಿತೆ, ಪಿಂಚಣಿ ಎಷ್ಟು, ಕ್ರಿಕೆಟ್ ಆಡಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕಾಚಾರಕ್ಕೆ ಅವರ ಜಗಲಿ ಜಾಗವಲ್ಲ. ಈಗಿನ ತಂಡವನ್ನು ಬೈಯಲಿ ಎಂದು ಕೆಣಕುವುದೂ ಕೂಡದು. ಅವರು ಬೈದರೆ ಅದನ್ನು ತುಂಡು ಮಾಡಿ ಮೊಬೈಲಿನಲ್ಲಿ ಹರಿಬಿಡುವುದಂತೂ ದ್ರೋಹ.

ಪದಕವನ್ನು ಕೇಳದೆ ಮುಟ್ಟಬೇಡಿ. ಅದನ್ನು ನಿಮ್ಮ ಕೊರಳಿಗೆ ಹಾಕಿಕೊಂಡು ಸೆಲ್ಫಿ ತೆಗೆಯಬೇಡಿ.

ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ, ತಟ್ಟೆ ಕೈಯಲ್ಲಿ ಹಿಡಿದು ನಿಂತಿರುವಾಗ, ಮೊಮ್ಮಗಳ ಮದುವೆಯ ನಡುವೆ: ಇಲ್ಲ, ಇಲ್ಲ, ಇಲ್ಲ. ನಮಸ್ಕರಿಸಿ ಮುಂದೆ ಹೋಗಿ.

ಇವತ್ತಿನ ಕೆಲಸವನ್ನು ಬದಿಗೊತ್ತಿ ಹಳೆಯದನ್ನೇ ಅಗೆಯಬೇಡಿ. ಹಾಕಿಯಿಂದ ಆಚೆಗಿನ ಉದಾಹರಣೆ ಕೊಡುತ್ತೇನೆ. ಅಶ್ವಿನಿ ನಾಚಪ್ಪ ಎಂಬತ್ತರ ದಶಕದಲ್ಲಿ ಪಿ.ಟಿ. ಉಷಾ ಅವರನ್ನು ಓಟದಲ್ಲಿ ಹಿಂದಿಕ್ಕಿದವರು, 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು, 1991ರಲ್ಲಿ ಅವರದೇ ಹೆಸರಿನ ತೆಲುಗು ಸಿನಿಮಾದಲ್ಲಿ ನಟಿಸಿದವರು. ಆಮೇಲೆ ಗೋಣಿಕೊಪ್ಪಲಿನ ಬಳಿ ಓದು, ಆಟ ಎರಡನ್ನೂ ಕಲಿಸುವ ಶಾಲೆ ಕಟ್ಟಿ ಬೆಳೆಸಿದರು. ಅಂಥವರನ್ನು ಕಂಡಾಗ ಉಷಾ ಮತ್ತು ಸಿನಿಮಾ ಎರಡರಲ್ಲೇ ಮಾತು ಮುಗಿಸಿದರೆ, ಓಡಿದ ಕೆಲವು ವರ್ಷಕ್ಕೆ ಬೆಲೆ ಕೊಟ್ಟು ಮಕ್ಕಳ ಜೊತೆ ಕಳೆದ ದಶಕಗಳಿಗೆ ಬೆಲೆಯಿಲ್ಲ ಎಂದಂತಾಗುತ್ತದೆ. ಹಳೆಯದನ್ನು ಒಂದು ಕೇಳಿದರೆ ಇಂದಿನದನ್ನು ಎರಡು ಕೇಳಿ.

ಆಡಿದವರು ಮಾಡಬೇಕಾದ್ದು, ಮಾಡಬಾರದ್ದು

ಹಿರಿಯರಿಗೆ ಹೀಗೆ ಮಾಡಿ ಎನ್ನುವುದು ನಮ್ಮ ಸೀಮೆಯ ರೂಢಿಯಲ್ಲ. ಆದರೂ ಗೌರವದಿಂದ, ಗಟ್ಟಿಯಾಗಿಯೇ ಹೇಳುತ್ತೇನೆ.

‘ಅದೆಲ್ಲ ಆಗಿಹೋದ ಕತೆ, ಬಿಡಿ’ ಎನ್ನಬೇಡಿ. ಇದು ವಿನಯದ ಮಾತಿನಂತೆ ಕೇಳಿಸುತ್ತದೆ, ಆದರೆ ಎದುರಿಗಿದ್ದ ಹುಡುಗಿ ಬರೆದುಕೊಂಡು ಬಂದ ಪ್ರಶ್ನೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತಾಳೆ. ಆ ಕತೆ ನಿಮ್ಮೊಬ್ಬರದೂ ಅಲ್ಲ. ನಿಮಗೆ ಮೊದಲ ಸ್ಟಿಕ್ ಕೊಡಿಸಿದ ಅಪ್ಪ, ಗದ್ದೆ ಕೊಯ್ಲಾದ ಮೇಲೆ ಆಡಲು ಬಿಟ್ಟ ನೆರೆಯವರು, ಬೆಂಗಳೂರಿಗೆ ಬಸ್ಸು ಹತ್ತಿಸಿದ ಮೇಷ್ಟ್ರು ಎಲ್ಲರೂ ಅದರೊಳಗಿದ್ದಾರೆ. ನೀವು ಹೇಳದಿದ್ದರೆ ಅವರ ಹೆಸರನ್ನು ಹೇಳುವವರು ಬೇರೆ ಯಾರಿದ್ದಾರೆ?

ಸಹಿ, ಫೋಟೊಗಳಿಗೆ ‘ಇಲ್ಲ’ ಎನ್ನುವ ಹಕ್ಕು ನಿಮಗಿದೆ. ಬೀಟಲ್ಸ್ ತಂಡದ ಡ್ರಮ್ ವಾದಕ ರಿಂಗೊ ಸ್ಟಾರ್ 2008ರ ಅಕ್ಟೋಬರ್‌ನಲ್ಲಿ, ಇನ್ನು ಮುಂದೆ ಅಭಿಮಾನಿಗಳ ಅಂಚೆಗೆ ಸಹಿ ಹಾಕುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಅನೇಕರು ಮುನಿಸಿಕೊಂಡರು. ನನಗೆ ಅವರು ಮಾಡಿದ್ದು ಸರಿಯೆನ್ನಿಸುತ್ತದೆ. ತಂಡ ಒಡೆದು ಮೂವತ್ತೆಂಟು ವರ್ಷವಾದ ಮೇಲೂ ರಾಶಿ ಕಾಗದಗಳಿಗೆ ಹೆಸರು ಗೀಚುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಸಹಿ ನಿಲ್ಲಿಸುವುದು ಬೇರೆ, ಮಾತು ನಿಲ್ಲಿಸುವುದು ಬೇರೆ. ಅವರು ಸಂದರ್ಶನ ಕೊಡುವುದನ್ನು ಬಿಡಲಿಲ್ಲ. ನೀವೂ ಬೇಡದ್ದನ್ನು ಬೇಡ ಎನ್ನಿ, ಯಾವ ದಿನ ಯಾವ ಹೊತ್ತು ಎಂದು ನೀವೇ ಹೇಳಿ, ಆ ಹೊತ್ತಿನಲ್ಲಿ ಮನಸ್ಸು ಬಿಚ್ಚಿ ಮಾತನಾಡಿ.

ಒರಟು ಪ್ರಶ್ನೆ ಬಂದರೆ ಪ್ರಶ್ನೆಯನ್ನು ತಿದ್ದಿ, ಮನುಷ್ಯನನ್ನು ಅಟ್ಟಬೇಡಿ. ಹದಿನಾರು ವರ್ಷದವನಿಗೆ ನಿಮ್ಮ ಮುಂದೆ ನಾಲಿಗೆ ತಡವರಿಸುತ್ತದೆ, ಬಾಯಿಗೆ ಬಂದದ್ದನ್ನು ಕೇಳಿಬಿಡುತ್ತಾನೆ. ‘ಅದನ್ನು ಹೀಗೆ ಕೇಳು’ ಎಂದು ನೀವು ಹೇಳಿಕೊಟ್ಟರೆ ಅವನು ಜೀವಮಾನವಿಡೀ ನೆನಪಿಡುತ್ತಾನೆ.

ಜೊತೆಗಾರರ ಬಗ್ಗೆ ನಿಜ ಹೇಳಿ, ಚಾಡಿ ಬೇಡ. ಯಾರ ಪಾಸ್‌ನಿಂದ ಗೋಲು ಬಂತು ಎಂಬುದು ದಾಖಲಾಗಲಿ, ಯಾರು ಯಾರ ಜೊತೆ ಕೋಣೆ ಹಂಚಿಕೊಳ್ಳಲು ಒಪ್ಪಲಿಲ್ಲ ಎಂಬುದು ಯಾರಿಗೂ ಬೇಕಿಲ್ಲ. ಇನ್ನೊಬ್ಬರ ಗೋಲನ್ನು ನೆನಪಿನ ಅಂಚಿನಲ್ಲಿ ನಿಮ್ಮದಾಗಿಸಿಕೊಳ್ಳಬೇಡಿ. ಸಂದೇಹವಿದ್ದರೆ ಸಂದೇಹವಿದೆ ಎಂದೇ ಹೇಳಿ.

ಕೈಲಾದವರು ಬರೆದಿಡಿ. ಧ್ಯಾನ್ ಚಂದ್ ತಮ್ಮ ಆತ್ಮಕಥೆ ‘ಗೋಲ್’ ಅನ್ನು 1952ರಲ್ಲಿ ಪ್ರಕಟಿಸಿದರು. ಅವರು 1979ರಲ್ಲಿ ತೀರಿಕೊಂಡರೂ ಅವರ ಪ್ರಶ್ನೋತ್ತರ ಇನ್ನೂ ನಡೆದಿದೆ. ನೂರು ಪುಟ ಬೇಡ, ಆಡಿದ ಒಂದೊಂದು ದೊಡ್ಡ ಪಂದ್ಯಕ್ಕೆ ಎರಡು ಪುಟ ಸಾಕು. ಬರೆಯಲು ಬೇಸರವಾದರೆ ಮೊಮ್ಮಕ್ಕಳ ಮೊಬೈಲಿಗೆ ಹೇಳಿ.

ಮನೆಯವರಿಗೆ, ನಮ್ಮೆ ನಡೆಸುವ ಒಕ್ಕದವರಿಗೆ

ಮನೆಯವರು ಉತ್ತರವನ್ನು ತಾವೇ ಕೊಡಬಾರದು. ಹಿರಿಯರು ನಿಧಾನವಾಗಿ ನೆನಪು ತೆಗೆಯುತ್ತಿರುವಾಗ ‘ಅದು ಎಪ್ಪತ್ತಮೂರು ಅಲ್ಲ, ಎಪ್ಪತ್ತೈದು’ ಎಂದು ಅಡ್ಡಬಾಯಿ ಹಾಕಬೇಡಿ. ತಪ್ಪಿದ್ದರೆ ಆಮೇಲೆ ಸರಿಪಡಿಸಬಹುದು, ಕಡಿದುಹೋದ ನೆನಪಿನ ಎಳೆ ಮತ್ತೆ ಸಿಗುವುದು ಕಷ್ಟ. ದಣಿದರೆ ಮಾತ್ರ ನಡುವೆ ಬಂದು, ಬಂದವರನ್ನು ಮರ್ಯಾದೆಯಿಂದ ಕಳುಹಿಸಿ.

ಪಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಶುರು ಮಾಡಿದಾಗ ಬಂದದ್ದು ಅರವತ್ತು ಒಕ್ಕಗಳು, ಅಂದರೆ ಕೊಡವ ಮನೆತನಗಳು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಅಷ್ಟು ಜನ ಸೇರುವ ಕಡೆ ಹಳೆಯ ಆಟಗಾರರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಮೈಕ್ ಕೊಡದೆ ಕೂರಿಸುವುದು ಸಲ್ಲದು. ಸನ್ಮಾನ ಐದು ನಿಮಿಷವಿರಲಿ, ಮಾತು ಅರ್ಧ ಗಂಟೆಯಿರಲಿ. ವೇದಿಕೆಯ ಗದ್ದಲದಿಂದ ದೂರ, ಅಂಗಣದ ಬದಿಯಲ್ಲಿ ಒಂದು ಶಾಮಿಯಾನ ಹಾಕಿ, ಯಾವ ದಿನ ಯಾರು ಎಷ್ಟು ಗಂಟೆಗೆ ಕೂರುತ್ತಾರೆ ಎಂದು ಫಲಕದಲ್ಲಿ ಬರೆಯಿರಿ. ಮೊದಲ ಸಾಲು ಮಕ್ಕಳಿಗೆ ಮೀಸಲು. ರಾಜಕೀಯದವರ ಭಾಷಣಕ್ಕೆ ಆ ಜಾಗ ಕೊಡಬೇಡಿ. ಒಪ್ಪಿಗೆ ಪಡೆದು ಪೂರ್ತಿ ಧ್ವನಿಮುದ್ರಿಸಿ. ಯಾರು ಮಾತನಾಡಿದರು, ಯಾವ ದಿನ, ಯಾವ ಊರು, ಯಾರು ಕೇಳಿದರು ಎಂಬುದನ್ನು ಆರಂಭದಲ್ಲೇ ಹೇಳಿ ಸೇರಿಸಿ, ಇಲ್ಲವಾದರೆ ಹತ್ತು ವರ್ಷದ ಮೇಲೆ ಅದು ಯಾರ ದನಿಯೋ ಯಾರಿಗೂ ತಿಳಿಯುವುದಿಲ್ಲ. ಒಂದು ಪ್ರತಿ ಆಟಗಾರರ ಮನೆಗೆ, ಒಂದು ಮುಂದಿನ ವರ್ಷ ನಮ್ಮೆ ನಡೆಸುವ ಒಕ್ಕಕ್ಕೆ, ಒಂದು ಕೂಡಿಗೆಯ ಶಾಲೆಗೆ ತಲುಪಬೇಕು. ಕಪ್ ಹಸ್ತಾಂತರಿಸುವ ದಿನವೇ ಇದೂ ಹಸ್ತಾಂತರವಾಗಲಿ.